ಮುಷ್ಟಿ ಕಟ್ಟಿದ ಹೊತ್ತು

ಯಲ್ಲದಕೆರೆ
11 ಅಕ್ಟೋಬರ್ 2024, ಶುಕ್ರವಾರ, ಆಯುಧಪೂಜೆ

ಎದ್ದದ್ದು 5.30. ಮುಷ್ಟಿ ಕಟ್ಟಿದ್ದು 7.40.

ಈ ಲೆಕ್ಕ ಇವತ್ತಿನಿಂದ ಶುರು. ನಿನ್ನೆ ಆಶಾ ಕಾರ್ಯಕರ್ತೆ ಹುಡುಗಿ ಬಂದವಳು ನನ್ನ ಕೈ ನೋಡಿ, "ಅಕ್ಕಾ, ಬೆಳಗ್ಗೆ ಎಷ್ಟೊತ್ತು ಬಿಗಿಯಿರ್ತದೆ? ಎದ್ದ ಹೊತ್ತು, ಬೆರಳು ಮಡಿಚಿ ಮುಷ್ಟಿ ಕಟ್ಟಕ್ಕೆ ಬಂದ ಹೊತ್ತು, ಎರಡೂ ಬರೆದಿಡು. ಡಾಕ್ಟ್ರು ಮೊದಲು ಕೇಳೋದೇ ಅದು" ಎಂದಳು.

ಬಾಗಿಲಿಗೆ ರಂಗೋಲಿ ನಾನೇ ಬಿಟ್ಟೆ. ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ಸೇರಲೊಲ್ಲವು. ಎಳೆ ಒಂದು ಕಡೆ ಹಗ್ಗದಷ್ಟು ದಪ್ಪ, ಇನ್ನೊಂದು ಕಡೆ ಇಲ್ಲವೇ ಇಲ್ಲ. ಹೊಲಿಗೆ ಮಿಷನ್ನಿಗೆ ಕುಂಕುಮ ಹಚ್ಚಿ ಸೇವಂತಿಗೆ ಏರಿಸುವಾಗ ಅದರ ಮುಖ ನೋಡಲು ನಾಚಿಕೆಯಾಯಿತು. ಒಪ್ಪಿಕೊಂಡ ಒಂಬತ್ತು ರವಿಕೆ ಹಾಗೇ ಬಿದ್ದಿವೆ. ಸೂಜಿಗೆ ದಾರ ಪೋಣಿಸಲೂ ಮಗನೇ ಬರಬೇಕು.

ಮಧ್ಯಾಹ್ನ ಮುದ್ದೆ ತಿರುವುವಾಗ ಕೋಲು ಕೈಜಾರಿತು. ಅತ್ತೆ ಕೂತಲ್ಲಿಂದಲೇ, "ಎಪ್ಪತ್ತೆರಡು ನಂಗೆ. ಮಂಡಿ ಹಿಡ್ಕಂಡೇ ಓಡಾಡ್ತಿದೀನಿ. ನಲವತ್ತಾರಕ್ಕೇ ನಿಂಗೆ ವಾತ ಬಂತೇನವ್ವಾ?" ಎಂದರು. ಉತ್ತರ ಕೊಡಲಿಲ್ಲ. ಗೊತ್ತಿದ್ದರಲ್ಲವೇ ಕೊಡುವುದು.

17 ಅಕ್ಟೋಬರ್, ಗುರುವಾರ

ಎದ್ದದ್ದು 5.30. ಮುಷ್ಟಿ 8.00.

ಪುಡಿಯ ವಿಷಯ ಆಶಾ ಹುಡುಗಿಗೆ ಹೇಳಿಬಿಟ್ಟೆ. ಶ್ರಾವಣದಲ್ಲಿ ಪರಿಚಯದವರೊಬ್ಬರು ಬೇರಿನ ಪುಡಿಯೆಂದು ಪೊಟ್ಟಣ ತಂದುಕೊಟ್ಟಿದ್ದರು. ಎರಡನೇ ದಿನಕ್ಕೇ ಕೈ ಹೂವಿನಷ್ಟು ಹಗುರ. ಒಂದೇ ದಿನ ನಾಲ್ಕು ರವಿಕೆ ಹೊಲಿದೆ! ಪುಡಿ ಮುಗಿದ ಮೂರನೇ ದಿನ ನೋವು ಬಡ್ಡಿ ಸಮೇತ ವಾಪಸು ಬಂತು.

"ಹೆಸರಿಲ್ಲ, ಚೀಟಿಯಿಲ್ಲ, ಒಳಗೇನಿದೆ ಅಂತ ಯಾರಿಗೆ ಗೊತ್ತಕ್ಕಾ? ಇಂಥ ಪುಡೀಲಿ ಸ್ಟೀರಾಯ್ಡ್ ಬೆರೆಸೋರೂ ಇರ್ತಾರೆ" ಎಂದಳು. ತಿಂಗಳುಗಟ್ಟಲೆ ತಿಂದರೆ ಮುಖ ಊದುತ್ತದಂತೆ, ಸಕ್ಕರೆ ಏರುತ್ತದಂತೆ, ಮೂಳೆ ಟೊಳ್ಳಾಗುತ್ತದಂತೆ. ಬಹಳ ದಿನ ತಿಂದವರು ಗಕ್ಕನೆ ಬಿಟ್ಟರೂ ಅಪಾಯ, ಡಾಕ್ಟರಿಗೆ ಹೇಳಿಯೇ ಬಿಡಬೇಕಂತೆ. ನನ್ನದು ಐದೇ ದಿನದ ಪುಡಿ. ಬದುಕಿದೆ.

24 ಅಕ್ಟೋಬರ್, ಗುರುವಾರ

ಎದ್ದದ್ದು 4.45. ಮುಷ್ಟಿ ಕಟ್ಟುವ ಹೊತ್ತಿಗೆ ಬಸ್ಸು ಹಿರಿಯೂರು ದಾಟಿತ್ತು.

ಅತ್ತೆಯನ್ನೂ ಕರೆದುಕೊಂಡು ಚಿತ್ರದುರ್ಗಕ್ಕೆ ಹೋದೆ. ಒಂದೇ ಚಾರ್ಜಿನಲ್ಲಿ ಇಬ್ಬರ ವಾತವನ್ನೂ ತೋರಿಸಿ ಬರೋಣವೆಂದು. ಡಾಕ್ಟರು ನನ್ನ ಲೆಕ್ಕದ ಪುಟ ತಿರುವಿ ತಿರುವಿ ನೋಡಿದರು. ಆಮೇಲೆ ಬೆರಳಿನ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿದರು. ಎರಡೂ ಕೈಯಲ್ಲಿ ಅವೇ ಗೆಣ್ಣು, ಅದೇ ಬಾವು.

ಅತ್ತೆಯದು ಸವೆತ. ಮೂಳೆಯ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿ ತೆಳುವಾಗಿದೆ. ನಡೆದರೆ ನೋವು, ಕೂತರೆ ಆರಾಮ. ಬೆಳಗಿನ ಬಿಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ನನ್ನದು ತಿರುಗುಮುರುಗು. ಸುಮ್ಮನೆ ಮಲಗಿದ್ದಷ್ಟೂ ಬಿಗಿ, ಗಂಟೆ ದಾಟಿದರೂ ಸಡಿಲವಿಲ್ಲ. ರೋಗದ ವಿರುದ್ಧ ಕಾಯಬೇಕಾದ ಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ಬಿದ್ದಿರಬಹುದು ಎಂದರು. ಅತ್ತೆ ಪಕ್ಕದಿಂದ, "ಬೇಲಿನೇ ಎದ್ದು ಹೊಲ ಮೇದಂಗೆ" ಎಂದರು. ಡಾಕ್ಟರು, "ಅಜ್ಜಿ, ನಾಳೆಯಿಂದ ಎಲ್ಲರಿಗೂ ಹಿಂಗೇ ಹೇಳ್ತೀನಿ" ಎಂದು ನಕ್ಕರು. ಇಎಸ್‌ಆರ್, ಆರ್‌ಎಫ್, ಆಂಟಿ-ಸಿಸಿಪಿ ಪರೀಕ್ಷೆಗೆ ರಕ್ತ ಕೊಟ್ಟು ಬಂದೆ.

ಅತ್ತೆ ಅಂಗಡಿಯಿಂದ ತರಿಸಿ ದಿನಾ ನುಂಗುತ್ತಿದ್ದ ನೋವಿನ ಮಾತ್ರೆಗೆ ಅಲ್ಲೇ ಕತ್ತರಿ. ಹೊಟ್ಟೆ ಹುಣ್ಣಾಗುತ್ತದೆ, ಕಿಡ್ನಿಗೂ ಪೆಟ್ಟು. ಮೈತೂಕ ಒಂದು ಕೆಜಿ ಇಳಿದರೆ ಹೆಜ್ಜೆಹೆಜ್ಜೆಗೂ ಮಂಡಿಯ ಮೇಲೆ ನಾಲ್ಕು ಕೆಜಿ ಭಾರ ಕಮ್ಮಿಯಂತೆ. ಕುರ್ಚಿಯಲ್ಲಿ ಕೂತು ಕಾಲು ನೇರ ಎತ್ತಿ ಹತ್ತು ಎಣಿಸಬೇಕು, ತೊಡೆಗೆ ಬಲ ಬಂದರೆ ಮಂಡಿಯ ಹೊರೆಯನ್ನು ಅದು ಹಂಚಿಕೊಳ್ಳುತ್ತದೆ. ಕುಕ್ಕರಗಾಲು ಬೇಡ. ಬಸ್ಸಿನಲ್ಲಿ ಅತ್ತೆ, "ಇಬ್ರುದೂ ಬ್ಯಾರೆ ಬ್ಯಾರೆ ಅಂತೆ" ಎಂದು ಎರಡು ಸಲ ಹೇಳಿದರು. ಮೂದಲಿಕೆಯ ದನಿ ಇರಲಿಲ್ಲ.

31 ಅಕ್ಟೋಬರ್, ಗುರುವಾರ, ನರಕ ಚತುರ್ದಶಿ

ಎದ್ದದ್ದು 4.30. ಮುಷ್ಟಿ 6.15.

ಹಂಡೆಯ ಬಿಸಿನೀರಿನ ಗುಣ. ಅರ್ಧ ಗಂಟೆ ಕೈ ಅದ್ದಿ ಕೂತೆ, ಬೆರಳು ಒಂದೊಂದೇ ಬಿಟ್ಟುಕೊಂಡವು. ಬಿಗಿಗೆ ಬಿಸಿ, ಕೆಂಪಾಗಿ ಊದಿ ಕಾವೇರಿದ ಕೀಲಿಗೆ ತಣ್ಣೀರ ಬಟ್ಟೆ ಎಂದು ಡಾಕ್ಟರು ಹೇಳಿದ್ದರು. ವರದಿ ನಿನ್ನೆ ತೋರಿಸಿದ್ದಾಯಿತು. ಅವರ ಊಹೆಯೇ ಸರಿ: ರುಮಟಾಯ್ಡ್ ಆರ್ಥ್ರೈಟಿಸ್. ಭಾನುವಾರದಿಂದ ಔಷಧಿ.

ಹಬ್ಬಕ್ಕೆ ಸಾಗರದಿಂದ ತಂಗಿ ಬಂದಿದ್ದಾಳೆ. ಈ ವಯಸ್ಸಿಗೇ ಹೀಗಾಯಿತಲ್ಲ ಎಂದು ನಾನು ಅತ್ತಾಗ ಅವಳು ಹಂದಿಗೋಡಿನ ಕಥೆ ತೆಗೆದಳು. ಸಾಗರದ ಹತ್ತಿರದ ಆ ಊರಲ್ಲಿ 1970ರ ದಶಕದಲ್ಲಿ ಎಳೆಯರೂ ಪ್ರಾಯದವರೂ ಸೊಂಟದ ಕೀಲು ಕೆಟ್ಟು ನಡೆಯಲಾರದೆ ಹೋದರು. ಗದ್ದೆಯ ಏಡಿಯಲ್ಲಿ ಸೇರಿದ ಕೀಟನಾಶಕದ್ದೇ ಕೆಲಸವೆಂದು ಮೊದಲು ಅನುಮಾನಪಟ್ಟರು. ವಂಶದಲ್ಲಿ ಇಳಿದು ಬರುವ ಕಾಯಿಲೆಯೆಂದು ಆಮೇಲೆ ತಿಳಿಯಿತು. "ವಯಸ್ಸಾಯ್ತು ಅನ್ನೋ ಮಾತು ಅಲ್ಲಿ ನಡೆಯಲ್ಲ ಅಕ್ಕಾ" ಎಂದಳು. ನನ್ನ ಅಳು ನಿಂತಿತು. ಸಮಾಧಾನದಿಂದಲ್ಲ, ಯೋಚನೆಯಿಂದ.

10 ನವೆಂಬರ್, ಭಾನುವಾರ

ಎದ್ದದ್ದು 5.30. ಮುಷ್ಟಿ 7.30.

ಎರಡನೇ ಭಾನುವಾರದ ಮಾತ್ರೆ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಮೊನ್ನೆ ಇವರು ಕಾಳಜಿಯಿಂದಲೇ ದಿನಕ್ಕೊಂದರಂತೆ ಡಬ್ಬಿಯಲ್ಲಿ ಜೋಡಿಸಿಟ್ಟಿದ್ದರು! ಮಗ ಚೀಟಿ ಓದಿ ತಡೆದ. ದಿನಾ ನುಂಗಿದ್ದರೆ ರಕ್ತಕ್ಕೂ ಪ್ರಾಣಕ್ಕೂ ಕುತ್ತು. ಈಗ ಕ್ಯಾಲೆಂಡರಿನ ಭಾನುವಾರಗಳಿಗೆಲ್ಲ ಕೆಂಪು ಸುತ್ತು, ಫೋಲಿಕ್ ಆಸಿಡ್ ನುಂಗುವ ಬುಧವಾರಕ್ಕೆ ನೀಲಿ. ಲಿವರ್ ಮತ್ತು ರಕ್ತದ ಪರೀಕ್ಷೆ ತಪ್ಪಿಸುವಂತಿಲ್ಲ. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಪುಡಿಯ ಹಾಗೆ ಎರಡೇ ದಿನದಲ್ಲಿ ಕುಣಿಸುವ ಮದ್ದಲ್ಲ.

1 ಡಿಸೆಂಬರ್, ಭಾನುವಾರ

ಎದ್ದದ್ದು 5.45. ಮುಷ್ಟಿ 7.10.

ನನ್ನ ಮಾತ್ರೆಯ ಸುದ್ದಿ ಕೇಳಿ ಹಿಂದಿನ ಬೀದಿಯ ಅಜ್ಜ ಬಂದು, "ನಂಗೂ ಎರಡು ಕೊಡವ್ವ" ಎಂದರು. ಕತ್ತು ತಿರುಗದು, ಬೆನ್ನು ಹಲಗೆಯಂತೆ ಸೆಟೆದಿದೆ, ಹಲ್ಲಿನ ಮೇಲೆ ಕಂದು ಪಟ್ಟೆ. ಕೊಡಲಿಲ್ಲ. ಹುಟ್ಟಿದಾಗಿನಿಂದ ಕುಡಿದ ನೀರು ಯಾವುದೆಂದು ಆಶಾ ಹುಡುಗಿ ಕೇಳಿದಳು. ನಮ್ಮ ಜಿಲ್ಲೆಯ ಎಷ್ಟೋ ಕಡೆ ನೆಲದ ನೀರಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿಗೆ, ಇನ್ನೂ ಹೆಚ್ಚಿದ್ದರೆ ಮೂಳೆಗೂ ಕೀಲಿಗೂ ಇಳಿಯುತ್ತದೆ. ಕಾಯಿಸಿದರೆ ಹೋಗದು. ನೀರು ಆವಿಯಾಗಿ ಫ್ಲೋರೈಡೇ ಗಟ್ಟಿಯಾಗುತ್ತದೆ. ಫಿಲ್ಟರ್ ನೀರು ಹಿಡಿಯಿರೆಂದೂ, ಪರೀಕ್ಷೆ ಮಾಡಿಸಿರೆಂದೂ ಹೇಳಿ ಕಳಿಸಿದಳು.

ಅತ್ತೆಗೆ 2006ರ ಚಿಕುನ್‌ಗುನ್ಯಾ ನೆನಪಾಯಿತು. ಜ್ವರ ಬಿಟ್ಟರೂ ತಿಂಗಳುಗಟ್ಟಲೆ ಗೋಡೆ ಹಿಡಿದು ಓಡಾಡಿದ ಜನ. ಆ ಹೆಸರು ಆಫ್ರಿಕಾದ ಮಕೊಂಡೆ ಮಾತಿನದು, ಬಾಗಿಸುವಂಥದ್ದು ಎಂಬ ಅರ್ಥವೆಂದು ಮಗ ಹೇಳಿದ. ಒಂದೇ ಬೀದಿಯಲ್ಲಿ ಎಷ್ಟು ಬಗೆಯ ನೋವು! ನಾವು ಎಲ್ಲಕ್ಕೂ ವಾತ ಎಂಬ ಒಂದೇ ಚೀಟಿ ಅಂಟಿಸಿ, ಒಂದೇ ಎಣ್ಣೆ ಉಜ್ಜಿಕೊಂಡು ಬಂದಿದ್ದೇವೆ.

19 ಜನವರಿ 2025, ಭಾನುವಾರ

ಎದ್ದದ್ದು 5.30. ಮುಷ್ಟಿ 6.05.

ಹನ್ನೆರಡನೇ ಭಾನುವಾರ. ಪೂರ್ತಿ ಗುಣವಾಗಿಲ್ಲ, ಬಲಗೈ ಮಣಿಕಟ್ಟಿನ ಬಾವು ಹಾಗೇ ಇದೆ. ಆದರೆ ನಿನ್ನೆ ದಾರ ನಾನೇ ಪೋಣಿಸಿದೆ.

ಮಾರಿಕಣಿವೆ ಕೋಡಿ ಬಿದ್ದಿದೆಯೆಂದು ಎಲ್ಲರೂ ನೋಡಲು ಹೋದೆವು. 1907ರಲ್ಲಿ ಕಟ್ಟಿ ಮುಗಿಸಿದ ಕಟ್ಟೆ, 1933ರಲ್ಲಿ, 2022ರಲ್ಲಿ, ಮತ್ತೆ ಈಗ. ಅತ್ತೆಗೆ ಬಲ ಮಂಡಿಯ ನೋವೇ ಹೆಚ್ಚು, ಕೋಲನ್ನೂ ಬಲಗೈಯಲ್ಲೇ ಹಿಡಿಯುತ್ತಿದ್ದರು. ನೋಯುವ ಕಾಲಿನ ಎದುರುಕೈಗೆ ಕೋಲು ಬರಬೇಕೆಂದು ತಿಳಿದ ಮೇಲೆ ಎಡಗೈಗೆ ಬದಲಿಸಿದ್ದಾರೆ. ನೀರು ಕಾಣುವವರೆಗೂ ಎಲ್ಲೂ ಕೂರಲಿಲ್ಲ.

ರಾತ್ರಿ ಇದನ್ನು ಬರೆಯುತ್ತಿದ್ದಾಗ ಬಂದು ಪಕ್ಕ ಕೂತರು, ಮಣೆಯ ಮೇಲಲ್ಲ, ಸ್ಟೂಲಿನ ಮೇಲೆ. "ಇವತ್ತು ಎಷ್ಟೊತ್ತಿಗೆ ಮುಷ್ಟಿ ಕಟ್ತು?" ಎಂದರು. ಹೇಳಿದೆ. ಸ್ವಲ್ಪ ಹೊತ್ತು ಪುಟವನ್ನೇ ನೋಡುತ್ತಿದ್ದು, "ನನ್ ಮಂಡಿದೂ ಒಂದು ಸಾಲು ಬರಿಯವ್ವ" ಎಂದರು.

ಅತ್ತೆ: ಕಾಲು ಎತ್ತಿದ್ದು ಬೆಳಗ್ಗೆ ಹತ್ತು ಸಲ, ಸಂಜೆ ಆರು. ಸಂಜೆಯದು ಹತ್ತು ಎಂದೇ ಬರೆಯಬೇಕಂತೆ. ನಾನು ಆರೆಂದೇ ಬರೆದಿದ್ದೇನೆ.