ಕೈಯಲ್ಲಿ ಓಡುತ್ತೆ, ರಾತ್ರಿ ಓಡಲ್ಲ

ಕಳೆದ ತಿಂಗಳು ಒಂದು ರಾತ್ರಿ ಹನ್ನೊಂದೂವರೆಗೆ ಪುಣೆಯಿಂದ ಮಗಳ ಫೋನು. ಅಷ್ಟು ಹೊತ್ತಿನಲ್ಲಿ ಫೋನು ಹೊಡೆದುಕೊಂಡರೆ ನಮ್ಮ ವಯಸ್ಸಿನವರ ಎದೆ ಒಮ್ಮೆ ಧಸಕ್ ಅನ್ನುತ್ತದೆ. ಅದು ಅವಳಿಗೂ ಗೊತ್ತು. "ಅಪ್ಪಾ, ಏನೂ ಆಗಿಲ್ಲ, ಗಾಬರಿ ಆಗ್ಬೇಡ" ಅಂತಲೇ ಶುರು ಮಾಡಿದಳು. "ಒಂದು ಸ್ಕ್ರಿಪ್ಟ್ ಬರ್ದಿದೀನಿ. ಕೈಯಿಂದ ಓಡಿಸಿದ್ರೆ ಸರಿಯಾಗಿ ಓಡುತ್ತೆ. ಕ್ರಾನ್‌ಗೆ ಹಾಕಿದ್ರೆ ರಾತ್ರಿ ಓಡಲ್ಲ. ಯಾಕೆ?"

ಮೊದಲು ನಗು ಬಂತು. ಆಮೇಲೆ ನಗು ನಿಂತುಹೋಯಿತು. ಇದೇ ಪ್ರಶ್ನೆಗೆ ಉತ್ತರ ಕಲಿತದ್ದು ನಾನು 1996ರಲ್ಲಿ. ಅದರ ಬೆಲೆ ಕೊಟ್ಟವನು ಮಾತ್ರ ಬೇರೆಯವನು. ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಹೇಳದ ಕಥೆ ಇದು. ಅವತ್ತು ಮಗಳಿಗೆ ಹೇಳಿದೆ, ಈಗ ನಿಮಗೂ ಹೇಳಿಬಿಡುತ್ತೇನೆ.

ಕುಮಟಾದಿಂದ ಮುಂಬಯಿಗೆ ನಾನು ಬಂದದ್ದು 1988ರಲ್ಲಿ. ಆಗ ಕೊಂಕಣ ರೈಲು ಇರಲಿಲ್ಲ. ಬಸ್ಸಿನಲ್ಲಿ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಅಮ್ಮ ಕಟ್ಟಿಕೊಟ್ಟ ಮಾವಿನಮಿಡಿ ಉಪ್ಪಿನಕಾಯಿ. ಡೊಂಬಿವಲಿಯಲ್ಲಿ ನಾಲ್ಕು ಜನ ಹುಡುಗರ ಜೊತೆ ಒಂದು ಕೋಣೆ. ಎರಡು ವರ್ಷ ಅಲ್ಲಿ ಇಲ್ಲಿ ಕೆಲಸ ಮಾಡಿ, ಕೊನೆಗೆ ಠಾಣೆ-ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯ ಇಡಿಪಿ ವಿಭಾಗ ಸೇರಿದೆ. ಹೆಸರು ಬೇಡ ಬಿಡಿ. ಇಡಿಪಿ ಅಂದರೆ ಈಗಿನವರಿಗೆ ಗೊತ್ತಾಗಲಿಕ್ಕಿಲ್ಲ, ಕಂಪ್ಯೂಟರ್ ವಿಭಾಗಕ್ಕೆ ಆಗ ಹಾಗೆ ಹೇಳುತ್ತಿದ್ದರು. ತಣ್ಣಗಿನ ಒಂದು ಕೋಣೆ, ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ದೇವಸ್ಥಾನದ ಹಾಗೆ! ಒಂದು ಯೂನಿಕ್ಸ್ ಯಂತ್ರ, ಅದಕ್ಕೆ ಎಂಟು ಟರ್ಮಿನಲ್‌ಗಳು. ಕಪ್ಪು ಪರದೆ, ಹಸಿರು ಅಕ್ಷರ, ಮಿಟುಕುವ ಒಂದು ಕರ್ಸರ್.

ಆ ಕರ್ಸರ್ ಹಿಂದೆ ಕೂತು ನಮ್ಮ ಮಾತು ಕೇಳಿಸಿಕೊಳ್ಳುವವನೇ ಶೆಲ್. ನಾವು ಟೈಪಿಸಿದ್ದನ್ನು ಓದಿ, ಬೇಕಾದ ಪ್ರೋಗ್ರಾಮ್ ಹುಡುಕಿ, ಅದನ್ನು ಓಡಿಸಿ, ಮುಗಿದ ಮೇಲೆ "ಮುಂದೇನು?" ಅಂತ ಮತ್ತೆ ಕಾಯುವ ದಲ್ಲಾಳಿ. ಕೆನ್ ಥಾಂಪ್ಸನ್ ಯೂನಿಕ್ಸ್‌ಗೆ ಮೊದಲ ಶೆಲ್ ಬರೆದದ್ದು 1971ರಲ್ಲಿ. ಸ್ಟೀಫನ್ ಬೋರ್ನ್ ಬರೆದ ಶೆಲ್ 1979ರಲ್ಲಿ ಏಳನೇ ಆವೃತ್ತಿಯ ಯೂನಿಕ್ಸ್ ಜೊತೆ ಬಂತು. ನಾನು ಕಲಿತದ್ದು ಅದರಲ್ಲಿ. ಮಗಳು ಬಳಸುವ ಬ್ಯಾಶ್ ಅನ್ನು ಬ್ರಯಾನ್ ಫಾಕ್ಸ್ 1989ರಲ್ಲಿ ಹೊರತಂದ. 'ಬೋರ್ನ್ ಅಗೇನ್ ಶೆಲ್' ಅಂತ ಅದರ ಪೂರ್ತಿ ಹೆಸರು. ಪುನರ್ಜನ್ಮ ಎತ್ತಿದ ಶೆಲ್ ಅಂತ ತಮಾಷೆ. ಜನ್ಮ ಬದಲಾದರೂ ಸ್ವಭಾವ ಬದಲಾಗಿಲ್ಲ. ಅದಕ್ಕೇ ಅವಳ ಪ್ರಶ್ನೆ ನನಗೆ ಅರ್ಥವಾಯಿತು.

ಆಗ ನನಗೆ ಹೊಸ ಹುಮ್ಮಸ್ಸು. ದಿನಾ ಟೈಪಿಸುವ ಹತ್ತು ಕಮಾಂಡುಗಳನ್ನು ಒಂದು ಫೈಲಿನಲ್ಲಿ ಬರೆದಿಟ್ಟರೆ ಅದೇ ಸ್ಕ್ರಿಪ್ಟ್. ಮೊದಲ ಸಾಲಿನಲ್ಲಿ ಯಾವ ಶೆಲ್ ಓದಬೇಕು ಅಂತ ಬರೆಯಬೇಕು, ಸಿಎಚ್‌ಮಾಡ್ ಕೊಟ್ಟು ಓಡುವ ಅನುಮತಿ ಕೊಡಬೇಕು, ಆಮೇಲೆ ಚುಕ್ಕಿ ಹಾಕಿ, ಓರೆಗೆರೆ ಎಳೆದು, ಹೆಸರು ಹೇಳಬೇಕು. ಆ ಚುಕ್ಕಿ ಯಾಕೆ, ಫೈಲು ಕಣ್ಣೆದುರಿಗೇ ಇದೆಯಲ್ಲ ಅಂತ ಹೊಸಬರೆಲ್ಲ ಕೇಳುತ್ತಾರೆ. ಶೆಲ್ ಎಲ್ಲ ಕಡೆ ಹುಡುಕುವುದಿಲ್ಲ, ಪಾತ್ ಅನ್ನುವ ಪಟ್ಟಿಯಲ್ಲಿರುವ ಜಾಗಗಳಲ್ಲಿ ಮಾತ್ರ ಹುಡುಕುತ್ತದೆ. ನಾವು ನಿಂತ ಜಾಗವನ್ನು ಬೇಕೆಂತಲೇ ಆ ಪಟ್ಟಿಯಲ್ಲಿ ಇಡುವುದಿಲ್ಲ. ಯಾರೋ ಕಿಡಿಗೇಡಿ ಎಲ್ಲರೂ ಬಳಸುವ ಫೋಲ್ಡರಿನಲ್ಲಿ ತನ್ನ ಪ್ರೋಗ್ರಾಮಿಗೆ 'ಎಲ್‌ಎಸ್' ಅಂತ ಹೆಸರಿಟ್ಟು ಕೂತಿರಬಹುದು. ದಾದರ್ ಸ್ಟೇಷನ್ನಿನಲ್ಲಿ "ನಾನೇ ಟೀಸಿ" ಅಂದವನಿಗೆಲ್ಲ ನಾವು ದುಡ್ಡು ಕೊಡುತ್ತೇವೆಯೇ? ಹಾಗೆ.

ಇರಲಿ, ವಿಷಯಕ್ಕೆ ಬರೋಣ.

ನಮ್ಮ ಸಂಬಳದ ಪ್ರೋಗ್ರಾಮಿಗೆ ಬೇರೆಯದೇ ಒಂದು ಲಾಗಿನ್ ಇತ್ತು. ಅದರ ಹೋಮ್ ಡೈರೆಕ್ಟರಿಯಲ್ಲೇ, ಅಂದರೆ ಅದರ 'ಮನೆ'ಯಲ್ಲೇ, ಆರು ನೂರು ಚಿಲ್ಲರೆ ಕಾರ್ಮಿಕರ ಹಾಜರಿ, ಓವರ್‌ಟೈಮ್, ಅಡ್ವಾನ್ಸ್ ಫೈಲುಗಳು. ಪ್ರಿಂಟ್ ಆಗಿ ಮುಗಿದ ಕಸದ ಫೈಲುಗಳೆಲ್ಲ ಇನ್ನೊಂದು ಡೈರೆಕ್ಟರಿಯಲ್ಲಿ ಗುಡ್ಡೆ ಬೀಳುತ್ತಿದ್ದವು. ಅದನ್ನು ದಿನಾ ಗುಡಿಸಲು ನಾನು ಎರಡು ಸಾಲಿನ ಸ್ಕ್ರಿಪ್ಟ್ ಬರೆದೆ. ಮೊದಲ ಸಾಲು: ಸಿಡಿ, ಮುಂದೆ ಡಾಲರ್ ಚಿಹ್ನೆ, ವರ್ಕ್‌ಡಿರ್. ಆ ಕಸದ ಜಾಗಕ್ಕೆ ಹೋಗು ಅಂತ ಅರ್ಥ. ಎರಡನೇ ಸಾಲು: ಆರ್‌ಎಂ, ಮುಂದೆ ನಕ್ಷತ್ರ. ಅಲ್ಲಿರುವ ಫೈಲುಗಳನ್ನೆಲ್ಲ ಕೇಳದೆ ಅಳಿಸು ಅಂತ. ವರ್ಕ್‌ಡಿರ್ ಅಂದರೆ ಯಾವ ಜಾಗ ಅನ್ನುವುದನ್ನು ಲಾಗಿನ್ ಆಗುವಾಗ ಓದುವ ಪ್ರೊಫೈಲ್ ಫೈಲಿನಲ್ಲಿ ಬರೆದಿದ್ದೆ. ಕೈಯಿಂದ ಓಡಿಸಿ ನೋಡಿದೆ. ಚೊಕ್ಕವಾಗಿ ಗುಡಿಸಿತು. ಸಂಜೆ ಕ್ರಾನ್‌ಗೆ ಹಾಕಿದೆ, ರಾತ್ರಿ ಎರಡು ಗಂಟೆಗೆ ತಾನೇ ಓಡಲಿ ಅಂತ. ಸೀಟಿ ಊದುತ್ತ ಲೋಕಲ್ ಹತ್ತಿದೆ.

ಗಣೇಶ ಚತುರ್ಥಿಗೆ ನಾಲ್ಕು ದಿನ ಇತ್ತು. ಹಬ್ಬದ ಅಡ್ವಾನ್ಸ್ ಮರುದಿನ ಹಂಚಬೇಕಿತ್ತು.

ಬೆಳಿಗ್ಗೆ ಬಂದು ನೋಡಿದರೆ ಸಂಬಳದ ಲಾಗಿನ್ ಖಾಲಿ. ಒಂದೂ ಫೈಲಿಲ್ಲ. ರಾತ್ರಿ ಪಾಳಿಯಲ್ಲಿದ್ದವನು ಸಾತಾರಾ ಕಡೆಯ ಆಪರೇಟರ್ ಹುಡುಗ, ಕೆಲಸಕ್ಕೆ ಸೇರಿ ಆರು ತಿಂಗಳು. ಸಾಹೇಬರು ಅವನನ್ನು ನಿಲ್ಲಿಸಿ ಕೇಳುತ್ತಿದ್ದರು, ಏನು ಟೈಪ್ ಮಾಡಿದೆ, ಏನು ಒತ್ತಿದೆ ಅಂತ. ಅವನು ಬೆವರುತ್ತ "ಕಾಹೀ ಕಳತ್ ನಾಹೀ ಸಾಹೇಬ್" ಅನ್ನುತ್ತಿದ್ದ. ಕೊನೆಗೆ, "ನನ್ನಿಂದಲೇ ಏನೋ ತಪ್ಪಾಗಿರಬೇಕು, ಕ್ಷಮಿಸಿ" ಅಂದ. ಮಾಡದ ತಪ್ಪಿಗೆ! ಸಾಹೇಬರು ಮೆಮೋ ಟೈಪ್ ಮಾಡಿಸಲು ಹೇಳಿದರು.

ನಾನು ಹನ್ನೊಂದು ಗಂಟೆಗೆ ಕೂತು ಮೇಲ್ ತೆರೆದೆ. ಕ್ರಾನ್ ಓಡಿಸಿದ ಕೆಲಸ ಏನಾದರೂ ಗೊಣಗಿದರೆ ಆ ಗೊಣಗಾಟ ಮೇಲ್ ಆಗಿ ಬರುತ್ತದೆ. ರಾತ್ರಿ ಎರಡು ಗಂಟೆಯ ಒಂದು ಮೇಲ್ ಇತ್ತು. ಅದರಲ್ಲಿ ಒಂದೇ ಸಾಲು: 'ಬಿನ್' ಒಂದು ಡೈರೆಕ್ಟರಿ, ಅಳಿಸಲಾಗದು. ನನ್ನ ಸ್ಕ್ರಿಪ್ಟುಗಳನ್ನು ಇಟ್ಟಿದ್ದ ಬಿನ್ ಇದ್ದದ್ದು ಕಸದ ಜಾಗದಲ್ಲಲ್ಲ, ಮನೆಯಲ್ಲಿ. ಅಂದರೆ ನನ್ನ ಆರ್‌ಎಂ ಓಡಿದ್ದೇ ಮನೆಯಲ್ಲಿ.

ಕೈಕಾಲು ತಣ್ಣಗಾದವು.

ಆದದ್ದು ಇಷ್ಟೆ. ನಾವು ಲಾಗಿನ್ ಆದಾಗ ಶೆಲ್ ಪ್ರೊಫೈಲ್ ಓದುತ್ತದೆ, ಹೆಸರುಗಳಿಗೆಲ್ಲ ಅರ್ಥ ತುಂಬಿಕೊಳ್ಳುತ್ತದೆ. ಕ್ರಾನ್ ಲಾಗಿನ್ ಆಗುವುದಿಲ್ಲ, ಪ್ರೊಫೈಲ್ ಓದುವುದೂ ಇಲ್ಲ. ಬರಿಗೈಯಲ್ಲಿ, ಎರಡು ಮೂರು ಹೆಸರು ಮಾತ್ರ ಗೊತ್ತಿರುವ ಒಂದು ಶೆಲ್ ಎಬ್ಬಿಸಿ ಕೆಲಸ ಹೇಳುತ್ತದೆ. ಅದಕ್ಕೆ ವರ್ಕ್‌ಡಿರ್ ಅಂದರೆ ಏನೂ ಅಲ್ಲ, ಖಾಲಿ. ಖಾಲಿ ಆದಾಗ ಮೊದಲ ಸಾಲಿನಲ್ಲಿ ಉಳಿದದ್ದು ಬರೀ ಸಿಡಿ. ಎಲ್ಲಿಗೆ ಅಂತ ಹೇಳದೆ ಸಿಡಿ ಅಂದರೆ ಶೆಲ್ ಏನು ಮಾಡುತ್ತದೆ ಗೊತ್ತೇ? ಸೀದಾ ಮನೆಗೆ ಹೋಗುತ್ತದೆ. ವಿಳಾಸ ತಿಳಿಯದಿದ್ದರೆ ಮನೆಗೆ ಹೋಗು ಅನ್ನುವುದು ಎಷ್ಟು ಒಳ್ಳೆಯ ಬುದ್ಧಿ! ಆದರೆ ಅದರ ಕೆಳಗಿನ ಸಾಲಿನಲ್ಲಿ ನಾನು ಕಾಯುತ್ತಿದ್ದೆನಲ್ಲ, ಪೊರಕೆ ಹಿಡಿದುಕೊಂಡು. ಮನೆಯಲ್ಲಿದ್ದ ಫೈಲುಗಳೆಲ್ಲ ಹೋದವು. ನಕ್ಷತ್ರ ಚಿಹ್ನೆಗೆ ಚುಕ್ಕಿಯಿಂದ ಶುರುವಾಗುವ ಹೆಸರುಗಳು ಸಿಗುವುದಿಲ್ಲವಾದ್ದರಿಂದ ಪ್ರೊಫೈಲ್ ಫೈಲು ಮಾತ್ರ ಉಳಿದಿತ್ತು. ಯಾರೂ ಓದದೇ ಹೋದ ಆ ಫೈಲು.

ನಾನು ತಕ್ಷಣ ಎದ್ದು ಹೋಗಿ ಸಾಹೇಬರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಮದುವೆಯಾಗಿ ಒಂದು ವರ್ಷ, ಹೊಸ ಮನೆಗೆ ಡಿಪಾಸಿಟ್ ಕೊಟ್ಟು ಸಾಲ, ಊರಿಗೆ ತಿಂಗಳು ತಿಂಗಳು ಮನಿಯಾರ್ಡರ್. ಇವೆಲ್ಲ ತಲೆಯಲ್ಲಿ ಸುತ್ತಿದವು. ಊಟದ ಹೊತ್ತಿನಲ್ಲಿ ಆ ಹುಡುಗ ಕ್ಯಾಂಟೀನಿನ ಮೂಲೆಯಲ್ಲಿ ಡಬ್ಬಿ ಬಿಚ್ಚದೆ ಕೂತಿದ್ದ. ನಾನು ನನ್ನ ಡಬ್ಬಿ ಬಿಚ್ಚಿದೆ, ಎರಡು ಚಪಾತಿ ತಿಂದೆ ಕೂಡ. ಆ ಚಪಾತಿ ಇವತ್ತಿಗೂ ಗಂಟಲಲ್ಲಿದೆ.

ಮೂರು ಗಂಟೆಗೆ ಮೆಮೋ ಸಹಿಗೆ ಹೋಗುವುದು ಕಾಣಿಸಿತು. ಆಗ ಎದ್ದೆ. ಮೇಲ್‌ನ ಪ್ರಿಂಟ್ ತೆಗೆದು ಸಾಹೇಬರ ಮೇಜಿನ ಮೇಲಿಟ್ಟು ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಮೋ ಹರಿದು ಬುಟ್ಟಿಗೆ ಹಾಕಿ, "ಮೊದಲು ಡಾಟಾ ಕೂರಿಸು, ನಿನ್ನ ವಿಚಾರ ಆಮೇಲೆ" ಅಂದರು. ಶನಿವಾರದ ಟೇಪು ಇತ್ತು. ಅದರ ನಂತರದ್ದನ್ನು ಹಾಜರಿ ಕಾರ್ಡು ನೋಡಿ ಮತ್ತೆ ಟೈಪ್ ಮಾಡಬೇಕಿತ್ತು. ಮೂರು ಜನ ರಾತ್ರಿ ಪೂರ್ತಿ ಕೂತೆವು. ಅವನೂ ಕೂತ, ಯಾರೂ ಹೇಳದೆಯೇ. ಮರುದಿನ ಅಡ್ವಾನ್ಸ್ ಎರಡು ಗಂಟೆ ತಡವಾಗಿ ಬಟವಾಡೆಯಾಯಿತು, ಅಷ್ಟೆ. ನನ್ನ ಒಂದು ವರ್ಷದ ಬಡ್ತಿ ಹೋಯಿತು, ಅದು ನ್ಯಾಯವೇ.

ಬೆಳಗಿನ ಜಾವ ಚಹಾ ಕುಡಿಯುವಾಗ ಅವನಿಗೆ ಸಾರಿ ಹೇಳಿದೆ. ಅವನು ಒಂದೇ ಪ್ರಶ್ನೆ ಕೇಳಿದ, "ನಿಮಗೆ ಯಾವಾಗ ಗೊತ್ತಾಯಿತು?" ಹನ್ನೊಂದಕ್ಕೆ ಅಂದೆ. ಅವನು ಗಡಿಯಾರ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, ಲೋಟ ತೊಳೆದಿಟ್ಟು ಹೋದ. ಮರುವರ್ಷ ಬೇರೆ ಕೆಲಸ ಸಿಕ್ಕಿ ಹೊರಟುಹೋದ. ಸ್ಕ್ರಿಪ್ಟಿನ ತಪ್ಪನ್ನು ನಾನು ಅಜ್ಞಾನದಿಂದ ಮಾಡಿದ್ದು. ಆ ನಾಲ್ಕು ಗಂಟೆಯ ತಪ್ಪು ಗೊತ್ತಿದ್ದೇ ಮಾಡಿದ್ದು.

ಇದನ್ನೆಲ್ಲ ಕೇಳಿ ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಇಬ್ಬರೂ ಸೇರಿ ಅವಳ ಸ್ಕ್ರಿಪ್ಟ್ ಸರಿ ಮಾಡಿದೆವು. ನಿಮ್ಮಲ್ಲೂ ಯಾರಿಗಾದರೂ ಉಪಯೋಗವಾದೀತು, ಬರೆದಿಡುತ್ತೇನೆ. ಕ್ರಾನ್‌ಗೆ ಕೊಡುವ ಸ್ಕ್ರಿಪ್ಟಿನಲ್ಲಿ ಪಾತ್ ಅನ್ನೂ ಬೇಕಾದ ಹೆಸರುಗಳನ್ನೂ ಅಲ್ಲೇ ಬರೆಯಿರಿ, ಪ್ರೊಫೈಲ್ ನಂಬಬೇಡಿ. ಸೆಟ್ ಕಮಾಂಡಿಗೆ ಮೈನಸ್ ಯು ಕೊಟ್ಟರೆ, ಅರ್ಥವಿಲ್ಲದ ಹೆಸರು ಸಿಕ್ಕಿದ ಕೂಡಲೇ ಶೆಲ್ ನಿಂತುಬಿಡುತ್ತದೆ. ಸಿಡಿ ವಿಫಲವಾದರೆ ಮುಂದಿನ ಸಾಲಿಗೆ ಹೋಗದ ಹಾಗೆ ಅಲ್ಲೇ ಎಕ್ಸಿಟ್ ಬರೆಯಿರಿ. ಉದ್ಧರಣ ಚಿಹ್ನೆ ಹಾಕುವುದು ಒಳ್ಳೆಯ ಅಭ್ಯಾಸ, ಆದರೆ ಇಲ್ಲಿ ಅದೊಂದೇ ಸಾಲದು. ಕ್ರಾನ್ ಕೆಲಸ ಶುರು ಮಾಡುವುದೇ ಮನೆಯಿಂದ, ಎಲ್ಲಿಗೂ ಹೋಗದಿದ್ದರೆ ಅಲ್ಲೇ ಇರುತ್ತೀರಿ. ಆರ್‌ಎಂ ಬರೆಯುವ ಮುಂಚೆ ಆ ಜಾಗದಲ್ಲಿ ಎಕೋ ಬರೆದು ಒಮ್ಮೆ ಓಡಿಸಿ, ಏನೇನು ಅಳಿಸಿಹೋಗಲಿತ್ತು ಅಂತ ಕಣ್ಣಾರೆ ನೋಡಿ.

ಇನ್ನೊಂದು ಮಾತು ಅವಳಿಗೆ ಹೇಳಿದೆ. ಒಂದು ಶೆಲ್ ಇನ್ನೊಂದನ್ನು ಓಡಿಸಿದರೆ ಮೊದಲನೆಯದಕ್ಕೆ ತಂದೆ ಅಂತಲೂ ಎರಡನೆಯದಕ್ಕೆ ಮಗು ಅಂತಲೂ ಹೆಸರು. ತಂದೆ ಎಕ್ಸ್‌ಪೋರ್ಟ್ ಮಾಡಿದ್ದರ ಪ್ರತಿ ಮಾತ್ರ ಮಗುವಿಗೆ ಹೋಗುತ್ತದೆ. ಎಕ್ಸ್‌ಪೋರ್ಟ್ ಮಾಡದೇ ಇದ್ದದ್ದು ತಂದೆಯ ಹತ್ತಿರ ಎಷ್ಟೇ ಇದ್ದರೂ ಮಗುವಿಗೆ ಕಾಣಿಸುವುದೇ ಇಲ್ಲ. "ಅಂದ್ರೆ ಕನ್ನಡ ಓದಕ್ಕೆ ಬರೋದು ಥರಾನಾ?" ಅಂದಳು ಫಟ್ಟನೆ. ಹೌದು. ಮನೆಯಲ್ಲಿ ಮಾತಾಡಿದೆವು, ಮಾತು ಬಂತು. ಅಕ್ಷರ ಕಲಿಸೋಣ, ಬೇಸಿಗೆ ರಜೆಗೆ ಕಲಿಸೋಣ ಅಂತ ಮುಂದೂಡುತ್ತಲೇ ಅವಳು ಕಾಲೇಜು ಮುಗಿಸಿದಳು. ಈ ಬರಹವನ್ನೂ ಅವಳು ಓದಲಾರಳು. ಭಾನುವಾರ ಫೋನಿನಲ್ಲಿ ನಾನೇ ಓದಿ ಹೇಳಬೇಕು.

ಫೋನಿಡುವ ಮುಂಚೆ ಕೇಳಿದಳು, "ಅಪ್ಪಾ, ಆ ಅಂಕಲ್ ಈಗ ಎಲ್ಲಿದಾರೆ?"

ಗೊತ್ತಿಲ್ಲ ಮಗಾ ಅಂದೆ. ಮರುದಿನ ಬೆಳಿಗ್ಗೆ ಆರಕ್ಕೆ ಅವಳ ಮೆಸೇಜು ಬಂದಿತ್ತು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ: ರಾತ್ರಿ ತಾನೇ ಓಡಿತು ಅಪ್ಪಾ, ಏನೂ ಅಳಿಸಿಲ್ಲ.