ಹಳೆ ಒಲಿ, ಎಂಟು ದಿನಾ ನಮ್ಮ ಮನ್ಯಾಗ

ನಮ್ಮ ಹಿತ್ತಲದಾಗ ಈಗ ಮೂರು ಹಳೆ ಗ್ಯಾಸ್ ಒಲಿ ಅವ. ಒಂದಕ್ಕ ಬರ್ನರ್ ಇಲ್ಲ, ಒಂದಕ್ಕ ಕಾಲಿಲ್ಲ, ಮೂರನೇದಕ್ಕ ಎಲ್ಲಾ ಅದ, ಆದ್ರ ಉರಿ ಇಲ್ಲ. ನಮ್ಮನಿಯವರು "ಗುಜರಿ ಅಂಗಡಿ ಬೋರ್ಡ್ ಹಾಕೋದೊಂದ ಬಾಕಿ" ಅಂತಾರ. ಅನ್ನಲಿ ಬಿಡ್ರಿ.

ಶುರು ಆಗಿದ್ದು ನಮ್ಮ ಅತ್ತಿಯವರ ಒಲಿಯಿಂದ. ಹಿತ್ತಾಳಿ ಬರ್ನರಿಂದು, ಕೈಯಾಗ ಹಿಡದ್ರ ಭಾರ. ಮಗ ಗಾಜಿನ ಒಲಿ ತಂದ ಮ್ಯಾಲೆ ಇದನ್ನ ಗುಜರಿಯವಗ ಹಾಕೋದಿತ್ತು. ನನಗ ಮನಸ್ಸಾಗಲಿಲ್ಲ. ಬರ್ನರ್ ತಗದು ಹುಣಸಿಹಣ್ಣಿನ ನೀರಾಗ ರಾತ್ರಿಯೆಲ್ಲಾ ನೆನಿ ಇಟ್ಟೆ. ಮುಂಜಾನೆ ತಿಕ್ಕಿದ್ರ ದೇವರ ಸಮೆದಂಗ ಹೊಳೀತು. ತೂತಿನಾಗೆಲ್ಲಾ ಎಷ್ಟೋ ವರ್ಷದ ಉಕ್ಕಿದ ಹಾಲು, ಸಾರು ಕಲ್ಲಾಗಿ ಕೂತಿತ್ತು. ಒಂದೊಂದ ತೂತು ಪಿನ್ನಿಲೆ ಬಿಡಿಸಿದೆ. ಉರಿ ನೀಲಿ ಬಂತು. ಓಣಿಯವರು ನೋಡಿ "ನಮ್ದೂ ಮಾಡಿಕೊಡ್ರಿ ವೈನಿ" ಅನ್ನಲಿಕ್ಕೆ ಹತ್ತಿದ್ರು.

ಒಂದ್ ಮಾತು ಹೇಳ್ತೇನಿ. ಬರ್ನರಿನ ತೂತಿಗೆ ಪಿನ್ ಹಾಕ್ರಿ, ಒಳಗಿನ ಸಣ್ಣ ಜೆಟ್ಟಿಗೆ ದಪ್ಪ ಸೂಜಿ ಹಾಕಬ್ಯಾಡ್ರಿ. ಅದರ ತೂತು ದೊಡ್ಡದಾತಂದ್ರ ಗ್ಯಾಸ್ ಹೆಚ್ಚು ಬರ್ತದ, ಗಾಳಿ ಸಾಲಂಗಿಲ್ಲ, ಉರಿ ಹಳದಿ ಆಗಿ ಬೋಗಾಣಿ ತಳ ಕರ್ರಗಾಗ್ತದ. ನನ್ನ ಎರಡನೇ ಒಲಿ ಹಂಗ ಹಾಳಾತು.

ಆಮ್ಯಾಲೆ ಗುಜರಿಯಿಂದ ಎರಡನೂರು, ಮುನ್ನೂರಕ್ಕ ತಂದು, ತೊಳದು, ರಿಪೇರಿ ಮಾಡಿ ಮಾರಲಿಕ್ಕೆ ಶುರು ಮಾಡಿದೆ. ಭಾಳ ಏನ್ ಉಳಿಯಂಗಿಲ್ಲ. ಆದ್ರೂ ನನ್ನ ರೊಕ್ಕ ಅದು.

ಹ್ವಾದ ಶ್ರಾವಣದಾಗ ಹಿಂದಿನ ಓಣಿಯಾಗ ರೊಟ್ಟಿ ಮಾಡಿ ಮಾರೋಾಕಿ 900 ರೂಪಾಯಿಗೆ ಒಂದ್ ಒಲಿ ಒಯ್ದಳು. ಮೂರನೇ ದಿನ ರಾತ್ರಿ ಅಕಿ ಮಗಳು ಓಡಿ ಬಂದು "ಕಾಕೂ, ಮನಿಯೆಲ್ಲಾ ಗ್ಯಾಸ್ ವಾಸನಿ" ಅಂದ್ಲು. ಲೈಟಿನ ಬಟನ್ ಮುಟ್ಟಬ್ಯಾಡ್ರಿ ಅಂತ ಚೀರಕೋತ ಹೋದೆ. ರೆಗ್ಯುಲೇಟರ್ ಬಂದ್ ಮಾಡಿ ಕಿಡಕಿ, ಬಾಗಲಾ ತಗದ್ವಿ. ಈ ಗ್ಯಾಸು ಗಾಳಿಕಿಂತ ಭಾರ ನೋಡ್ರಿ, ಮ್ಯಾಲೆ ಹೋಗಂಗಿಲ್ಲ, ನೆಲಾ ಹಿಡದು ಕೂಡ್ತದ. ಅಕಿ ಮೊಮ್ಮಗ ಒಲಿಕಟ್ಟಿ ಬಾಜೂಕ ಚಾಪಿ ಮ್ಯಾಲೆ ಮಲಗಿದ್ದ. ಎತಗೊಂಡು ಹೊರಗ ತಂದ ಮ್ಯಾಲೂ ನನ್ನ ಕೈ ನಡಗೋದು ನಿಂತಿದ್ದಿಲ್ಲ.

ಮರುದಿನ ಒಲಿ ತಂದು ಹಿತ್ತಲದಾಗ ನೋಡಿದೆ. ಕೊಡೋಮುಂದ ಪೈಪಿನ ಜೋಡಣಿಗೆ ಸೋಪಿನ ನೀರು ಹಚ್ಚಿದ್ದೆ, ಗುಳ್ಳಿ ಬಂದಿದ್ದಿಲ್ಲ. ನಾಬಿನ ಬುಡಕ್ಕ ಹಚ್ಚಿದ್ದಿಲ್ಲ. ಬಂದ್ ಇದ್ದಾಗೂ ಅಲ್ಲೆ ಸಣ್ಣಗ ಗುಳ್ಳಿ ಏಳತಿದ್ವು. ರೊಕ್ಕ ತಿರಗಿ ಕೊಟ್ಟೆ. ಅಕಿ ಒಂದ್ ಮಾತು ಅನ್ನಲಿಲ್ಲ. ಬೈದಿದ್ರ ಛಲೋ ಇತ್ತು.

ಎರಡು ತಿಂಗಳು ಒಂದೂ ಒಲಿ ಮುಟ್ಟಲಿಲ್ಲ. ಕಡೀಕ ನಮ್ಮನಿಯವರ ಗುಜರಿಯಿಂದ ಒಂದು ತಂದು ಹಿತ್ತಲದಾಗಿಟ್ಟು, ಏನೂ ಅನ್ನದ ಪೇಪರ್ ಓದಕೋತ ಕೂತ್ರು.

ಈಗ ನಾಬಿನ ಒಳಗಿನ ಕೆಲಸಾ ನಾ ಮಾಡಂಗಿಲ್ಲ, ರಿಪೇರಿಯವನ ಕಡೆ ಮಾಡಸ್ತೇನಿ. ಹಳೆ ಪೈಪ್ ಎಷ್ಟ ಛಲೋ ಕಂಡ್ರೂ ಒಗದು ಐಎಸ್‌ಐ ಗುರುತಿನ ಹೊಸಾದು ಹಾಕ್ತೇನಿ. ಮತ್ತ ಪ್ರತಿ ಒಲಿ ಮ್ಯಾಲೂ ಎಂಟು ದಿನಾ ನಮ್ಮನಿ ಅಡಗಿನ ಆಗಬೇಕು. ಹಿತ್ತಲದಾಗಿನ ಆ ಮೂರನೇದು ಪಾಸಾಗಂಗ ಕಾಣಂಗಿಲ್ಲ, ಅದರ ಹಿತ್ತಾಳಿ ತೂಕಕ್ಕ ಹೋಗ್ತದ.

ನಿನ್ನೆ ಆ ರೊಟ್ಟಿಯಾಕಿ ಬಂದು ಅಡಗಿಮನಿಯಾಗ ಇಣಕಿದ್ಲು. "ವೈನಿ, ಇದಕ್ಕ ಎಷ್ಟ್ ದಿನಾ ಆತ್ರಿ?" ಅಂದ್ಲು.

"ಐದು" ಅಂದೆ. "ಹಂಗಾರ ಸೋಮವಾರ ಬರ್ತೇನಿ" ಅಂದು ಹೋದ್ಲು.