ಅವ್ವನ ಗೀಟು, ನಮ್ಮ ಒಂಬತ್ತು ಸಾಲು

ನಮ್ಮ ಕೇರಿಯಲ್ಲಿ ಲೆಕ್ಕ ಅನ್ನೋದು ಯಾವತ್ತೂ ಇನ್ನೊಬ್ಬರ ಕೈಲಿತ್ತು. ತಾತನ ಜೀತ ಯಜಮಾನನ ನಾಲಿಗೆ ಮೇಲಿತ್ತು. ಅಪ್ಪನ ಸಾಲ ಸಾಹುಕಾರನ ಪುಸ್ತಕದಲ್ಲಿತ್ತು. ಅವ್ವನ ಕಾಲಕ್ಕೆ ಅದು ಪಂಚಾಯ್ತಿಯ ಕಂಪ್ಯೂಟರಿಗೆ ಹೋಯಿತು. ಹೆಬ್ಬೆಟ್ಟು ಒತ್ತೋದಷ್ಟೇ ನಮ್ಮ ಪಾಲು.

2024ರ ಬೇಸಿಗೆಯಲ್ಲಿ ಅವ್ವ ಉದ್ಯೋಗ ಖಾತ್ರಿಯಲ್ಲಿ ಕೆರೆ ಹೂಳು ಎತ್ತಿದಳು. ಆ ವರ್ಷ ಕರ್ನಾಟಕದಲ್ಲಿ ದಿನಗೂಲಿ 349 ರೂಪಾಯಿ. ಬ್ಯಾಂಕಿಗೆ ಬಂದ ದುಡ್ಡು ಕಮ್ಮಿ ಅನ್ನಿಸಿ ಪಂಚಾಯ್ತಿಗೆ ಕೇಳಲು ಹೋದರೆ, ಕಂಪ್ಯೂಟರ್ ಮುಂದೆ ಕೂತಿದ್ದಾತ ತಲೆಯನ್ನೇ ಎತ್ತಲಿಲ್ಲ. "ಕಂಪ್ಯೂಟರ್‌ನಲ್ಲಿ ಹಂಗೇ ಬಂದದೆ ಕಣಮ್ಮ, ನಾನೇನ್ ಮಾಡ್ಲಿ?" ಅಂದ. ಅವ್ವ ಸುಮ್ಮನೆ ವಾಪಸ್ಸು ಬಂದಳು. ಶಾಸ್ತ್ರ ಹೇಳಿದ್ದಕ್ಕೆ ಎದುರಾಡಬಾರದು ಅಂತ ಕಲಿಸಿದ ಊರು ಇದು. ಈಗ ಕಂಪ್ಯೂಟರೂ ಆ ಶಾಸ್ತ್ರದ ಪಕ್ಕ ಹೋಗಿ ಕೂತಿತ್ತು.

ನಾವು ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವರು. ಪದ್ಯ ಬರೆಯುವವರು. ಕಂಪ್ಯೂಟರ್ ಅಂದರೆ ಅರ್ಜಿ ತುಂಬೋದು ಅಂತ ತಿಳಿದಿದ್ದವರು. ರೊಚ್ಚಿಗೆದ್ದು, ಹಾಸ್ಟೆಲ್ ಗೆಳೆಯನ ಹಳೇ ಲ್ಯಾಪ್‌ಟಾಪ್ ಇಸಕೊಂಡು ಪೈಥಾನ್ ಕಲಿಯಲು ಕೂತೆವು. ನೆದರ್ಲೆಂಡ್ಸಿನ ಗೀಡೊ ವಾನ್ ರೋಸಮ್ 1991ರಲ್ಲಿ ಲೋಕಕ್ಕೆ ಬಿಟ್ಟ ಭಾಷೆ ಅದು. ಕಾಸು ಕೊಡಬೇಕಿಲ್ಲ. ದೊಡ್ಡ ಯಂತ್ರ ಬೇಕಿಲ್ಲ. ಟರ್ಮಿನಲ್ ಅನ್ನೋ ಕಪ್ಪು ಪರದೆ, ಅದರಲ್ಲಿ ಮಿಣುಕೋ ಒಂದು ಗೀಟು, ಅಷ್ಟೆ. ನಾವೊಂದು ಸಾಲು ಬರೆದರೆ ಅದೊಂದು ಸಾಲು ಉತ್ತರ ಕೊಡುತ್ತದೆ. ನಮಗೆ ಸ್ಲೇಟು ನೆನಪಾಯಿತು.

ಮೊದಲ ದಿನ 'ಅವ್ವ' ಅಂತ ಬರೆದು ಎಷ್ಟು ಅಕ್ಷರ ಅಂತ ಕೇಳಿದೆವು. 4 ಅಂದಿತು. ನಮ್ಮ ಮೇಷ್ಟ್ರು ಎರಡು ಅಂತ ಕಲಿಸಿದ್ದರು. ಆಮೇಲೆ ತಿಳಿಯಿತು. ಯಂತ್ರಕ್ಕೆ ಅ ಒಂದು, ವ ಒಂದು, ಒತ್ತಕ್ಷರ ಕೂಡಿಸೋ ಗುರುತು ಒಂದು, ಇನ್ನೊಂದು ವ. ನಮ್ಮ ಕಣ್ಣಿಗೆ ಕಾಣದ್ದನ್ನೂ ಅದು ಎಣಿಸುತ್ತದೆ.

ಎರಡನೇ ದಿನ ಕೂಲಿಯ ಲೆಕ್ಕ. ದಿನಗೂಲಿ ಕೇಳು, ಎಷ್ಟು ದಿನ ಅಂತ ಕೇಳು, ಗುಣಿಸಿ ಹೇಳು. 349 ಕೊಟ್ಟು, 6 ದಿನ ಅಂದೆವು. 349349349349349349 ಅಂತ ಬಂತು. ಅವ್ವನಿಗೆ ಓದಿ ಹೇಳಿದರೆ, "ಇಷ್ಟು ಕೊಟ್ಟಿದ್ರೆ ಕೆರೇನೇ ಕೊಂಡ್ಕೋತಿದ್ದೆ" ಅಂತ ನಕ್ಕಳು. ಕೀಲಿಮಣೆಯಿಂದ ಬಂದದ್ದೆಲ್ಲ ಪೈಥಾನಿಗೆ ಬರೀ ಅಕ್ಷರ. ಇದು ಅಂಕಿ ಅಂತ ನಾವು ಬಾಯಿಬಿಟ್ಟು ಹೇಳಬೇಕು. ದಿನಕ್ಕೆ ಹೇಳಿದ್ದೆವು, ಕೂಲಿಗೆ ಮರೆತಿದ್ದೆವು. 'ಇಂಟ್' ಅಂತ ಸೇರಿಸಿದ ಮೇಲೆ 2094 ಬಂತು. ಅವ್ವ ರಾತ್ರಿಶಾಲೆಯಲ್ಲಿ ಕಲಿತ ಕನ್ನಡ ಅಂಕಿಯಲ್ಲಿ ೩೪೯ ಅಂತ ಕೊಟ್ಟೆವು. ಆಗಲೂ ಅದೇ ಬಂತು!

ಇನ್ನೊಂದು ಪಾಠ ಕೇಳಿ. ಷರತ್ತಿನ ಕೆಳಗೆ ಬರೋ ಸಾಲು ಅಂಚಿನಿಂದ ಸರಿದು ನಿಲ್ಲಬೇಕು, ವಾಡಿಕೆಯಂತೆ ನಾಲ್ಕು ಜಾಗ. ಸರಿಯದಿದ್ದರೆ ಪ್ರೋಗ್ರಾಮು ನಡೆಯೋದೇ ಇಲ್ಲ. ದೂರ ಸರಿದು ನಿಲ್ಲೋದು ನಮಗೆ ಹೊಸದಲ್ಲ. ಆದರೆ ಇಲ್ಲಿ ಕಾರಣವಿತ್ತು, ಯಾವ ಸಾಲು ಯಾವ ಷರತ್ತಿಗೆ ಸೇರಿದ್ದು ಅಂತ ತಿಳಿಯೋದಕ್ಕೆ. ನಿಯಮ ಎಲ್ಲ ಸಾಲಿಗೂ ಒಂದೇ ಇತ್ತು.

ಆಮೇಲೆ ನಿಜವಾದ ಕೆಲಸಕ್ಕೆ ಕೈಹಾಕಿದೆವು. ಅವ್ವ ಕೆಲಸಕ್ಕೆ ಹೋದ ದಿನವೆಲ್ಲ ಗೋಡೆಯ ಕ್ಯಾಲೆಂಡರಿನ ಮೇಲೆ ಇದ್ದಿಲಲ್ಲಿ ಗೀಟು ಎಳೆದಿದ್ದಳು. ಆ ದಿನಾಂಕಗಳನ್ನು ಒಂದು ಫೈಲಿಗೆ, ಪಂಚಾಯ್ತಿಯಿಂದ ತಂದ ಹಾಜರಿ ಪಟ್ಟಿಯ ದಿನಾಂಕಗಳನ್ನು ಇನ್ನೊಂದು ಫೈಲಿಗೆ, ಸಾಲಿಗೊಂದರಂತೆ ಟೈಪ್ ಮಾಡಿದೆವು. ಮೊದಲನೇ ಗುಂಪಿನಿಂದ ಎರಡನೆಯದನ್ನು ಕಳೆ ಅಂತ ಒಂಬತ್ತು ಸಾಲು ಬರೆದೆವು. ಏಳು ದಿನ ಉಳಿದವು. ಏಳು ದಿನ ನುಂಗಿದಾರೆ! ರಾತ್ರೋರಾತ್ರಿ ಅರ್ಜಿ ಬರೆದೆವು, ಬೈಗುಳವನ್ನೂ ಸೇರಿಸಿ.

ಬೆಳಿಗ್ಗೆ ಅವ್ವ ಪಟ್ಟಿ ಓದಿಸಿದಳು. ಕೊನೇ ದಿನಾಂಕಕ್ಕೆ ತಡೆದಳು. "ಆ ದಿನದ್ದು ಪಂಚಾಯ್ತಿ ಪಟ್ಟೀಲೂ ಅದಲ್ರಪ್ಪ, ನೆನ್ನೆ ನೀವೇ ಓದಿದ್ರಿ." ಹೌದು, ಎರಡರಲ್ಲೂ ಇತ್ತು. ಸಾಲು ಮುಗಿಸಿ ಎಂಟರ್ ಒತ್ತಿದಾಗ ಕಣ್ಣಿಗೆ ಕಾಣದ ಗುರುತೊಂದು ಕೊನೆಗೆ ಸೇರುತ್ತದೆ. ಒಂದು ಫೈಲಿನ ಕೊನೇ ಸಾಲಿಗೆ ಒತ್ತಿದ್ದೆವು, ಇನ್ನೊಂದರದಕ್ಕೆ ಒತ್ತಿರಲಿಲ್ಲ. ನಮಗೆ ಒಂದೇ ದಿನ, ಯಂತ್ರಕ್ಕೆ ಎರಡು. 'ಸ್ಟ್ರಿಪ್' ಅನ್ನೋ ಮಾತಿನಿಂದ ಸಾಲಿನ ತುದಿ ಒರೆಸಿದ ಮೇಲೆ ಆರು ದಿನ ಉಳಿದವು.

"ಏಳೇ ಇರ್ಲಿ ಬಿಡವ್ವ, ಎಷ್ಟು ತಿಂದಿಲ್ಲ ಅವ್ರು" ಅಂದ ಗೆಳೆಯ. ಅವ್ವ ಒಪ್ಪಲಿಲ್ಲ. "ಕೊಟ್ಟಿರೋದನ್ನ ಇನ್ನೊಂದ್ಸಲ ಕೇಳಿದ್ರೆ ನನ್ನ ಆರು ದಿನಾನೂ ಸುಳ್ಳಾಯ್ತದೆ" ಅಂದಳು. ಅರ್ಜಿ ಹರಿದು ಹೊಸದು ಬರೆದೆವು. ಬೈಗುಳ ತೆಗೆದೆವು. ಆರು ದಿನಾಂಕ, 2094 ರೂಪಾಯಿ.

ಪಂಚಾಯ್ತಿಯಲ್ಲಿ ಆತ ಮತ್ತೆ "ಕಂಪ್ಯೂಟರ್‌ನಲ್ಲಿ..." ಅಂತ ಶುರು ಮಾಡಿದ. "ಅದ್ರೊಳಕ್ಕೆ ತುಂಬಿದೋರು ಯಾರು ಸ್ವಾಮಿ?" ಅಂತ ಅವ್ವನೇ ಕೇಳಿದಳು. ಆವತ್ತು ಆತ ತಲೆ ಎತ್ತಿದ.

ಗೆಳೆಯರೆ, ಕಂಪ್ಯೂಟರ್ ತಾನಾಗಿ ಏನೂ ಹೇಳೋದಿಲ್ಲ, ಯಾರೋ ಹೇಳಿಸುತ್ತಾರೆ. ನಮ್ಮ ಒಂಬತ್ತು ಸಾಲೂ ಒಂದು ದಿನದ ಸುಳ್ಳು ಹೇಳಿತ್ತು, ನಮ್ಮದೇ ಬೆರಳಿನ ತಪ್ಪಿನಿಂದ. ಆ ತಪ್ಪು ಮಾಡಿ ತಿದ್ದಿಕೊಂಡ ಮೇಲೆಯೇ ಆ ಪರದೆಯ ಹಿಂದೆ ಮನುಷ್ಯರ ಕೈ ಇರೋದು ನಮಗೆ ಕಂಡದ್ದು. ಹಳ್ಳಿ ಶಾಲೆಯ ಮೇಷ್ಟ್ರುಗಳೆ, ನಮ್ಮ ಮಕ್ಕಳಿಗೆ ಇಂಥ ಹತ್ತು ಸಾಲು ಕಲಿಸಿ. ಬೆಂಗಳೂರಿನ ಗಾಜಿನ ಕಟ್ಟಡಗಳಿಗೆ ಹೋಗೋರು ಹೋಗಲಿ. ಮೊದಲು ಮನೆಯವರ ಕೂಲಿ ಕೂಡಿಸಲಿ, ಪಡಿತರದ ಅಕ್ಕಿ ತಾಳೆ ನೋಡಲಿ.

ನಾಲ್ಕು ದಿನದ ಕೂಲಿ ಬಂತು. ಎರಡು ದಿನದ್ದು ಬರಲಿಲ್ಲ. ಅರ್ಜಿಯ ನಕಲು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದೇವೆ.